ಛತ್ರದ ಕಾಯ್ದೆ ಕಲಿಸಿದ ಅಕ್ಕೋರು

ನನ್ನ ಮೋಟೆಲಿನ ಹಿಂದಿನ ಗೋಡೆಯ ಮೇಲೆ ಬಾಗಿದ್ದ ಓಕ್ ಮರದ ಟೊಂಗೆಯನ್ನು ಕಡಿಸಬೇಕೆಂದು ಅಕ್ಕೋರು ಆಜ್ಞೆ ಮಾಡಿದ್ದು ನಮ್ಮ ಪರಿಚಯವಾದ ದಿನವೇ. ಹ್ಯೂಸ್ಟನ್ನಿನ ಪೂರ್ವಕ್ಕೆ, ಬಂದರಿನ ಕಡೆ ಹೋಗುವ ರಸ್ತೆಯ ಮೇಲೆ ನನ್ನದೊಂದು ಹಳೆಯ ಎರಡಂತಸ್ತಿನ ಮೋಟೆಲ್ ಇತ್ತು. ಎಣ್ಣೆ ಕಾರ್ಖಾನೆಗಳ ರಿಪೇರಿಗೆ ಬರುವ ಕೆಲಸಗಾರರು, ಟ್ರಕ್ ಡ್ರೈವರುಗಳು, ಹಡಗಿನಿಂದ ಇಳಿದು ಊರಿಗೆ ಹೋಗುವ ವಿಮಾನಕ್ಕೆ ಕಾಯುವ ಖಲಾಸಿಗಳು, ಇವರೇ ನನ್ನ ಗಿರಾಕಿಗಳು. ಅಂಥ ಒಬ್ಬ ಖಲಾಸಿಯನ್ನು ತಮ್ಮ ಕಾರಿನಲ್ಲಿ ತಂದು ಬಿಟ್ಟ ಹೆಂಗಸು, ನಾನು ಅವನೊಡನೆ ಆಡಿದ ಹಿಂದಿಯ ಧಾಟಿ ಕೇಳಿಯೇ ನನ್ನ ಊರನ್ನು ಹಿಡಿದರು.

"ಗದಗಿನ ಕಡೆಯವರೇನ್ರಿ ನೀವು?"

ಹೌದೆಂದೆ. ಅವರು ಮನೆತನ ಕೇಳಲಿಲ್ಲ, ಯಾರ ಪೈಕಿ ಎಂದು ಕೇಳಲಿಲ್ಲ. ಗಂಡಸರು ಹಿಡಿಯುವಂಥ ದೊಡ್ಡ ಕರಿಯ ಕೊಡೆ ಬಿಚ್ಚಿಕೊಂಡು ಹೊರಗೆ ಹೋದರು. ನೂಲಿನ ಸೀರೆ, ಕಾಲಿಗೆ ಬಿಳಿಯ ಓಟದ ಶೂ. ಮೋಟೆಲಿನ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿ, ಗಟಾರ ಬಗ್ಗಿ ನೋಡಿ, ಮೆಟ್ಟಿಲಿನ ಕಟಕಟೆ ಅಲುಗಾಡಿಸಿ, ಆಫೀಸಿಗೆ ಬಂದು ಹೇಳಿದರು: "ಗ್ವಾಡಿ ಮ್ಯಾಲ ಬಂದಿರೋ ಆ ಟೊಂಗಿ ಕಡಸ್ರಿ. ಕಳ್ಳ ಅದನ್ನ ಹಿಡದು ಒಳಗ ಇಳೀತಾನ."

"ಅಕ್ಕೋರ, ಇದು ಟೆಕ್ಸಸ್ ಐತ್ರಿ. ಇಲ್ಲಿ ಕಳ್ಳ ಗಿಡಾ ಹತ್ತೂದಿಲ್ಲ. ಪಿಕಪ್ ತಗೊಂಡು ಮುಂದಿನ ಬಾಗಲಕ್ಕ ಬರ್ತಾನ."

ಅವರು ಶಿಕ್ಷಕಿ ಎಂದು ನನಗೆ ಆಗ ಯಾರೂ ಹೇಳಿರಲಿಲ್ಲ. ಆದರೂ ಬಾಯಿಗೆ ಅಕ್ಕೋರು ಎಂದೇ ಬಂತು. ಅವರು ಮೊದಲ ಸಲ ನಕ್ಕರು. ಆಮೇಲೆ ವಿವರಿಸಿದರು. ಬ್ರಿಟಿಷರ ಕಾಲದಲ್ಲಿ ನಮ್ಮ ಕಡೆ ದಾರಿಹೋಕರು ಇಳಿದುಕೊಳ್ಳುವ ಛತ್ರ, ಸರಾಯ್, ಧರ್ಮಶಾಲೆಗಳಿಗೆ ಅಂತಲೇ ಒಂದು ಕಾಯ್ದೆ ಮಾಡಿದ್ದರಂತೆ. ಛತ್ರ ನಡೆಸುವವನು ಕೋಣೆ, ಪಡಸಾಲೆ, ಗಟಾರ, ಬಾವಿ ಸ್ವಚ್ಛ ಇಡಬೇಕು. ಗೋಡೆ, ಬಾಗಿಲು, ಮಾಳಿಗೆ ಸರಿಯಾಗಿರಬೇಕು. ಕಾವಲುಗಾರನನ್ನು ಇಡಬೇಕು. ಬಾಡಿಗೆ ಎಷ್ಟು ಎಂದು ಎಲ್ಲರಿಗೂ ಕಾಣುವಂತೆ ತೂಗುಹಾಕಬೇಕು. ಕಳ್ಳ ಹತ್ತಿ ಇಳಿಯಲು ಅನುಕೂಲವಾಗುವ ಟೊಂಗೆಗಳನ್ನು ಕಡಿಸಬೇಕು. ನನಗೆ ನಂಬಿಕೆ ಬರಲಿಲ್ಲ. ರಾಜ್ಯ ಆಳುವವರು ಮರದ ಟೊಂಗೆಯ ಬಗ್ಗೆ ಯೋಚನೆ ಮಾಡಿದ್ದರೇ ಎಂದೆ. "ಆಳಾವರು ಎಲ್ಲಾದರ ಬಗ್ಗೆನೂ ವಿಚಾರ ಮಾಡ್ತಾರ್ರಿ. ಮನಷ್ಯಾರದು ಮಾತ್ರ ಕಡೀಕ ಬರತದ" ಎಂದರು.

ಟೊಂಗೆ ಕಡಿಸಿದೆ. ಮುಂದಿನ ಸಲ ಬಂದಾಗ ಅವರು ಮೊದಲು ನೋಡಿದ್ದು ಅದನ್ನೇ. ಅಂದಿನಿಂದ ಅದೊಂದು ಆಟವಾಯಿತು. ಬಂದಾಗಲೆಲ್ಲ ಅವರು ಮ್ಯಾಜಿಸ್ಟ್ರೇಟ್, ನಾನು ಛತ್ರದ ಸಾಹುಕಾರ. ಕೊಡೆ ಹಿಡಿದು ತಪಾಸಣೆ, ಆಮೇಲೆ ಚಹಾ, ಚಹಾದ ನಂತರ ತೀರ್ಪು. ಒಮ್ಮೆ ಮೇಲಂತಸ್ತಿನ ನಲ್ಲಿ ಸೋರುತ್ತಿತ್ತು. "ಈ ಸಲ ದಂಡ ಹಾಕೇನಿ. ಎರಡ ಕಪ್ ಚಾ ಕುಡದು ಹೋಗ್ತೀನಿ" ಎಂದು ಎರಡನೆಯ ಕಪ್ಪಿಗೆ ಕೈ ಚಾಚಿದರು. ನಾನು ಹೈಸ್ಕೂಲ್ ಮುಗಿಸಿ, ಗದಗಿನ ಬಟ್ಟೆ ಅಂಗಡಿಯಲ್ಲಿ ಗಜ ಹಿಡಿದು, ಆಮೇಲೆ ಭಾವಮೈದುನನ ಬೆನ್ನು ಹಿಡಿದು ಈ ದೇಶಕ್ಕೆ ಬಂದವನು. ಅಷ್ಟು ಓದಿದ ಹೆಂಗಸು ನನ್ನಂಥವನ ಜೊತೆ ಆಟ ಆಡುತ್ತಾರಲ್ಲ ಎಂದು ಹೆಮ್ಮೆಯಾಗುತ್ತಿತ್ತು. ಅವರು ಬರುವ ವಾರ ನಾನು ಗಟಾರವನ್ನು ಎರಡೆರಡು ಸಲ ತೊಳೆಸುತ್ತಿದ್ದೆ.

ಅವರು ಹುಬ್ಬಳ್ಳಿಯ ಒಂದು ಲಾ ಕಾಲೇಜಿನಲ್ಲಿ ಪಾಠ ಹೇಳಿದವರು. ಕಾಯ್ದೆಗಳ ಇತಿಹಾಸ ಅವರ ವಿಷಯ. ಪರೀಕ್ಷೆಗೆ ಅಷ್ಟಾಗಿ ಬೇಡವಾದ ವಿಷಯ, ಹಾಗಾಗಿ ಹಿಂದಿನ ಬೆಂಚಿನವರೆಲ್ಲ ಮಲಗುತ್ತಿದ್ದರು ಎಂದು ಅವರೇ ಹೇಳುತ್ತಿದ್ದರು. ಗಂಡ ಹಡಗಿನ ಎಂಜಿನಿಯರ್ ಆಗಿದ್ದು, ಕಡೆಗೆ ಹ್ಯೂಸ್ಟನ್ನಿನ ಬಂದರಿನಲ್ಲಿ ಹಡಗುಗಳನ್ನು ಪರೀಕ್ಷೆ ಮಾಡುವ ಕೆಲಸ ಹಿಡಿದರು. ಅಕ್ಕೋರು ಕೆಲಸದಿಂದ ನಿವೃತ್ತರಾದ ಮೇಲೆ ಇಲ್ಲಿಗೆ ಬಂದರು. ಬಂದು ಬಹಳ ದಿನವಾಗಿರಲಿಲ್ಲ, ಗಂಡ ತೀರಿಕೊಂಡರು. ಎಲ್ಲರೂ ಊರಿಗೆ ಹೋಗಿರಿ ಎಂದರಂತೆ. ಅವರು ಹೋಗಲಿಲ್ಲ. ಗಂಡನ ಜೊತೆ ಬಂದರಿಗೆ ಹೋಗುವುದು ರೂಢಿಯಾಗಿತ್ತು, ಅದನ್ನೇ ಮುಂದುವರಿಸಿದರು. ಬಂದರಿನಲ್ಲಿ ಖಲಾಸಿಗಳಿಗಾಗಿ ಇರುವ ಸೇವಾಕೇಂದ್ರದ ವ್ಯಾನಿನಲ್ಲಿ ಹಡಗಿನಿಂದ ಹಡಗಿಗೆ ಹೋಗುವರು. ವೀಸಾ ಇಲ್ಲದ ಖಲಾಸಿ ಹಡಗಿನಿಂದ ಕೆಳಗಿಳಿಯುವಂತಿಲ್ಲ. ಅಂಥವರಿಗೆ ಫೋನಿನ ಸಿಮ್ ಕಾರ್ಡು, ಚಳಿಗೆ ಟೋಪಿ, ಮತ್ತು ಶೇಂಗಾ ಚಟ್ನಿಪುಡಿ ಒಯ್ಯುವರು. ಫಿಲಿಪೈನ್ಸಿನವರು, ಉಕ್ರೇನಿನವರು ಕೂಡ ಆ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಿದ್ದರಂತೆ.

ಕಾರು ಓಡಿಸುವುದರಲ್ಲಿ ಮಾತ್ರ ಅವರಷ್ಟು ಅಂಜುಬುರುಕರನ್ನು ನಾನು ನೋಡಿಲ್ಲ. ಜೀವಮಾನದಲ್ಲಿ ಫ್ರೀವೇ ಹತ್ತಲಿಲ್ಲ. ಹ್ಯೂಸ್ಟನ್ನಿನಂಥ ಊರಿನಲ್ಲಿ ಪಕ್ಕದ ಫ್ರಂಟೇಜ್ ರಸ್ತೆ ಹಿಡಿದು, ಪ್ರತಿ ಸಿಗ್ನಲ್ಲಿಗೂ ನಿಂತು, ಅರ್ಧ ದಿನ ಕಳೆದು ಬರುವರು. ಕೇಳಿದರೆ, ಮೇಲೆ ಹೋಗುವವರಿಗೆ ರಸ್ತೆ ಮಾತ್ರ ಕಾಣುತ್ತದೆ, ತಮಗೆ ಊರು ಕಾಣುತ್ತದೆ ಎಂದು ವಾದ ಮಾಡುವರು. ನನ್ನ ಹೆಂಡತಿ ಅವರಿಗಾಗಿ ಜೋಳದ ರೊಟ್ಟಿ ತಟ್ಟಿ ಇಟ್ಟು ಕಾಯುವಳು. "ನಿಮ್ಮ ಮ್ಯಾಜಿಸ್ಟ್ರೇಟ್ ಇನ್ನೂ ಯಾವ ಸಿಗ್ನಲ್ನ್ಯಾಗ ನಿಂತಾರೋ ಏನೋ" ಎಂದು ನನ್ನನ್ನು ಕೆಣಕುವಳು. ಆಕೆಯೂ ಈಗಿಲ್ಲ.

ಹಳೆಯ ಕಾಯ್ದೆಗಳ ಬಗ್ಗೆ ಅಕ್ಕೋರು ಮಾತಾಡುವಾಗ ಹೊಗಳುತ್ತಿದ್ದಾರೋ ತೆಗಳುತ್ತಿದ್ದಾರೋ ತಿಳಿಯುತ್ತಿರಲಿಲ್ಲ. ಬಡ ಬಿಳಿಯರು ಹಿಂದೂಸ್ಥಾನದ ಬೀದಿಗಳಲ್ಲಿ ಭಿಕ್ಷೆ ಬೇಡಬಾರದು ಎಂದು ಒಂದು ಕಾಯ್ದೆ ಇತ್ತಂತೆ. ಅಂಥವರನ್ನು ಹಿಡಿದು, ಊಟ ವಸತಿ ಕೊಟ್ಟು, ಹಡಗು ಹತ್ತಿಸಿ ಅವರ ಊರಿಗೆ ಕಳಿಸುತ್ತಿದ್ದರು. ಕರುಣೆಯಲ್ಲವೇ ಎಂದೆ. ಆಳುವ ಜಾತಿಯವನು ಆಳಿಸಿಕೊಳ್ಳುವವರ ಮುಂದೆ ಕೈಚಾಚಿದರೆ ಮರ್ಯಾದೆ ಏನುಳಿಯಿತು, ಅದಕ್ಕೇ ಆ ಕಾಯ್ದೆ ಎಂದರು. ಬರಗಾಲದಲ್ಲಿ ಗಂಜಿ ಕೊಡುವುದಕ್ಕೂ ನಿಯಮಗಳಿದ್ದವು, ಕಲ್ಲು ಒಡೆಯುವಷ್ಟು ಶಕ್ತಿ ಇದ್ದವನಿಗೆ ಕಲ್ಲು ಒಡೆಸಿಯೇ ಕೂಳು. ಹೀಗೆ ಒಂದೊಂದನ್ನೇ ಹೇಳಿ ಅವರು ಕಡೆಗೆ ಬರುತ್ತಿದ್ದುದು ಒಂದೇ ಮಾತಿಗೆ: "ಬಡವರ ಮ್ಯಾಲಿನ ಪ್ರೀತಿಗೆ ಕಾಯ್ದೆ ಹುಟ್ಟೂದಿಲ್ರಿ. ಬಡವ ರಸ್ತೆ ಮ್ಯಾಲ ಸತ್ತರ ನಾರತದ ಅಂತ ಹುಟ್ಟತದ. ಆದ್ರ ಒಮ್ಮೆ ಹುಟ್ಟಿತಂದ್ರ ಅದು ನಮ್ಮ ಕೈಯಾಗಿನ ಹತಾರ. ಯಾವ ಮನಸಿನಿಂದ ಮಾಡಿದ್ರು ಅನ್ನೂದು ಬಿಟ್ಟುಬಿಡ್ರಿ, ಅದರಿಂದ ಬಾಗಲಾ ತಗೀತದೋ ಇಲ್ಲೋ ನೋಡ್ರಿ."

ಒಮ್ಮೆ ಆಸ್ಟಿನ್ನಿನಲ್ಲಿ ಯೂನಿವರ್ಸಿಟಿಯ ಕನ್ನಡ ಹುಡುಗರು ಅವರನ್ನು ಮಾತಾಡಲು ಕರೆದರು. ಅವರ ಕಾರಿನಲ್ಲಿ ಹೋದರೆ ಮರುದಿನ ಮುಟ್ಟುತ್ತೇವೆಂದು ನಾನೇ ಕರೆದೊಯ್ದೆ. ಒಂದು ಸಣ್ಣ ಕ್ಲಾಸ್‌ರೂಮು, ಪಿಜ್ಜಾ ಡಬ್ಬಿಗಳು, ಅರ್ಧ ಜನ ಫೋನು ನೋಡುತ್ತಿದ್ದರು. ಅಕ್ಕೋರು ಖಲಾಸಿಗಳ ಕಥೆ ಶುರು ಮಾಡಿದರು. ಆ ಕಾಲದಲ್ಲಿ ನಮ್ಮವರನ್ನು ಹಡಗಿನ ಕೆಲಸಕ್ಕೆ ಹತ್ತಿಸಿಕೊಂಡು ಹೋಗಿ ಲಂಡನ್ನಿನಲ್ಲಿ ಇಳಿಸಿದರೆ, ಆ ಹಡಗಿನವರೇ ಅವರನ್ನು ಸಾಕಬೇಕು, ವಾಪಸ್ಸು ಕಳಿಸುವ ಖರ್ಚೂ ಹೊರಬೇಕು ಎಂದು ಕಾಯ್ದೆ ಮಾಡಿದರು. ಕೇಳುವುದಕ್ಕೆ ಎಷ್ಟು ಚಂದ! ಆದರೆ ಅದರ ಅರ್ಥ, ಕೆಲಸ ಮುಗಿದ ಮೇಲೆ ಈ ಕರಿಯರು ನಮ್ಮ ಊರಲ್ಲಿ ಉಳಿಯಬಾರದು ಅಂತ. ಅನ್ನವನ್ನೂ ಬಾಗಿಲನ್ನೂ ಒಂದೇ ವಾಕ್ಯದಲ್ಲಿ ತೋರಿಸಿದರು ಎಂದರು. ಹಿಂದೆ ಕುಳಿತಿದ್ದ ಮೈಸೂರಿನ ಹುಡುಗನೊಬ್ಬ ಫೋನು ಕೆಳಗಿಟ್ಟ.

"ಮ್ಯಾಮ್, ಮುಂದೆ ನಮಗೆ ಸಿಗೋ ವರ್ಕ್ ವೀಸಾದಲ್ಲೂ ಹಾಗೇ ಇದೆ. ಮಧ್ಯದಲ್ಲಿ ಕೆಲಸದಿಂದ ತೆಗೆದ್ರೆ ಊರಿಗೆ ಹೋಗೋ ಟಿಕೆಟ್ಟು ಕಂಪನಿನೇ ಕೊಡ್ಬೇಕು."

"ಹೌದಪಾ. ನೀವೂ ಖಲಾಸಿಗಳೇ. ಹಡಗು ಮಾತ್ರ ಎ.ಸಿ. ಇದ್ದದ್ದು."

ಎಲ್ಲರೂ ನಕ್ಕರು. ವಾಪಸ್ಸು ಬರುವಾಗ ಕಾರಿನಲ್ಲಿ ಅಕ್ಕೋರು ಬಹಳ ಖುಷಿಯಾಗಿದ್ದರು. ಹುಬ್ಬಳ್ಳಿಯಲ್ಲಿ ಯಾವ ಹುಡುಗನೂ ತಾನಾಗಿ ಪ್ರಶ್ನೆ ಕೇಳಿರಲಿಲ್ಲವಂತೆ. ಆ ಖುಷಿಯಲ್ಲಿ, ಛತ್ರದ ಕಾಯ್ದೆಯ ಕಲಮುಗಳನ್ನೆಲ್ಲ ನನ್ನಿಂದ ಬಾಯಿಪಾಠ ಹೇಳಿಸಿದರು. ನಾನು ತಪ್ಪಿದಲ್ಲಿ ತಿದ್ದಿದರು. ಅವುಗಳಲ್ಲಿ ಮೊದಲನೆಯದು ಹೀಗಿತ್ತು: ಛತ್ರದಲ್ಲಿ ಯಾರಿಗಾದರೂ ಅಂಟುರೋಗ ಬಂದರೆ ಛತ್ರದವನು ಕೂಡಲೇ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಇದೊಂದರ ಗರಜು ನಿಮಗೆ ಬೀಳುವುದಿಲ್ಲ ಬಿಡಿ ಎಂದು ಹೇಳಿ ಮುಂದಿನದಕ್ಕೆ ಹೋದರು.

ಇನ್ನು ಹಡಗಿನ ಅಡುಗೆಯವನ ವಿಷಯ ಬರೆಯಬೇಕು. ಅಕ್ಕೋರು ತೀರಿಕೊಂಡ ಮೇಲೆ ಇಲ್ಲಿಯ ಕನ್ನಡ ಸಂಘದ ಪತ್ರಿಕೆಗೆ ಅನೇಕರು ಅವರ ಬಗ್ಗೆ ಬರೆದಿದ್ದಾರೆ. ಅವರ ಕೊಡೆ, ಚಟ್ನಿಪುಡಿ, ಫ್ರೀವೇ ಭಯ ಎಲ್ಲ ಅದರಲ್ಲಿ ಬಂದಿವೆ. ಕಡೆಗಾಲದಲ್ಲಿ ಅವರು ಯಾಕೆ ಮಂಕಾದರು ಎಂದು ಕೆಲವರು ಕೇಳಿಕೊಂಡಿದ್ದಾರೆ. ಉತ್ತರ ನನ್ನ ಹತ್ತಿರ ಇದೆ.

ಅವನು ಹೊನ್ನಾವರದ ಕಡೆಯವನು, ಸರಕು ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ. ನಡುವಯಸ್ಸು, ಮೆದು ಮಾತು. ಹಡಗು ಹ್ಯೂಸ್ಟನ್ನಿಗೆ ಬರುವಷ್ಟರಲ್ಲಿ ಮೈ ಕಣ್ಣು ಎಲ್ಲ ಹಳದಿಯಾಗಿ ಹೊಟ್ಟೆನೋವಿನಿಂದ ಬಿದ್ದಿದ್ದ. ಆಸ್ಪತ್ರೆಯಲ್ಲಿ ಏನೋ ಸಣ್ಣ ನಳಿಗೆ ಹಾಕಿ ಕಳಿಸಿದರು. ಇನ್ನೊಂದು ಸಲ ತೋರಿಸಿ, ಡಾಕ್ಟರು ಹೂಂ ಅಂದ ಮೇಲೆಯೇ ವಿಮಾನ ಹತ್ತಬೇಕಾಗಿತ್ತು. ಹಡಗು ಅವನನ್ನು ಬಿಟ್ಟು ಹೋಗಿತ್ತು. ಹಡಗಿನ ಕಂಪನಿಯ ಪರವಾಗಿ ಊರಲ್ಲಿ ಕೆಲಸ ನೋಡುವ ಏಜೆಂಟನಿಗೆ ಅವನನ್ನು ಬೇಗ ವಿಮಾನ ಹತ್ತಿಸಿ ಕೈತೊಳೆದುಕೊಳ್ಳುವ ಅವಸರ. ಕಾಯಿಲೆಬಿದ್ದ ಖಲಾಸಿಯನ್ನು ಗುಣವಾಗುವ ತನಕ ನೋಡಿಕೊಳ್ಳಬೇಕಾದವರು ನೀವು, ಹಿಂದಿನಿಂದಲೂ ನಡೆದು ಬಂದ ಕಟ್ಟಳೆ ಇದು, ಎಂದು ಅಕ್ಕೋರು ಅವನ ಆಫೀಸಿಗೆ ಹೋಗಿ ಕುಳಿತು ಜಗಳ ಮಾಡಿದರು. ಕಡೆಗೆ ಏಜೆಂಟ, ಅವನನ್ನು ಇಟ್ಟುಕೊಳ್ಳುವ ಮೋಟೆಲ್ ಇದ್ದರೆ ಇರಲಿ ಎಂದು ಒಪ್ಪಿದ. ಅಕ್ಕೋರು ನನ್ನ ಹತ್ತಿರ ತಂದರು. "ದವಾಖಾನಿಯಿಂದ ಬಂದಾರ. ಡಾಕ್ಟರ್ ಹೂಂ ಅನ್ನೂತನಾ ನಿಮ್ಮ ಛತ್ರದಾಗ ಇರಲಿ" ಎಂದಷ್ಟೇ ಹೇಳಿ, ಇನ್ನೊಂದು ಹಡಗಿಗೆ ಹೊತ್ತಾಯಿತೆಂದು ಹೊರಟುಬಿಟ್ಟರು.

ನಾನು ಕೆಳಗಿನ ಕೋಣೆಯೊಂದನ್ನು ಕೊಟ್ಟೆ. ನಾನು ಅವನ ಕಣ್ಣಿನ ಹಳದಿ ನೋಡುತ್ತಿರುವುದು ಅವನಿಗೆ ತಿಳಿಯಿತು.

"ಹೆದ್ರೂದೆಲ್ಲ ಬ್ಯಾಡ ಸಾವ್ಕಾರ್ರೆ. ಇದು ಹಬ್ಬೂದಲ್ಲ. ಪಿತ್ತದ ದಾರಿಲಿ ಕಲ್ಲು ಸಿಕ್ಕಂಡದೆ ಅಂದ್ರು ಡಾಕ್ಟ್ರು. ಯಾರಿಗೂ ತಾಗೂದಿಲ್ಲ."

ಆ ಮಾತು ಆಡಿದಾಗ ಅಲ್ಲಿ ಇದ್ದವರು ನಾವಿಬ್ಬರೇ.

ಅವನು ಒಳಗೆ ಕೂರುವವನಲ್ಲ. ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು, ಹೊದಿಕೆ ಹೊದ್ದು, ಬಿಸಿಲಿಗೆ ಮುಖ ಮಾಡಿ ಕೂರುವನು. ನನ್ನ ಹೆಂಡತಿ ಗಂಜಿ ಮಾಡಿ ಕೊಟ್ಟರೆ, ತಾನು ಅಡುಗೆಯವನಾಗಿದ್ದೂ ಇನ್ನೊಬ್ಬರ ಕೈ ಊಟ ಉಣ್ಣುವಂತಾಯಿತಲ್ಲ ಎಂದು ನಾಚುವನು.

ಅದೇ ವಾರ ನನ್ನ ಮಗಳನ್ನು ನೋಡಲು ಡಲ್ಲಾಸ್ ಕಡೆಯಿಂದ ಬೀಗರು ಬರುವವರಿದ್ದರು. ಆಗಿನ್ನೂ ಬೀಗರಾಗಿರಲಿಲ್ಲ, ಆಗಲಿ ಎಂದು ನಾನು ಹಗಲೂ ರಾತ್ರಿ ಬೇಡಿಕೊಳ್ಳುತ್ತಿದ್ದೆ. ಹುಬ್ಬಳ್ಳಿಯ ಕಡೆಯ ಒಳ್ಳೆಯ ಮನೆತನ, ಹುಡುಗ ಡಾಕ್ಟರು. ಫೋನಿನಲ್ಲಿ ನಾನು ಹೋಟೆಲ್ ಬಿಸಿನೆಸ್ ಎಂದಿದ್ದೆ. ಅವರು ಡಲ್ಲಾಸ್ ಪಕ್ಕದ ಯೂಲೆಸ್ಸಿನಲ್ಲಿ ವಿಮಾನ ನಿಲ್ದಾಣದ ಪಕ್ಕ ಇರುವಂಥ ಗಾಜಿನ ಹೋಟೆಲನ್ನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದರೇನೋ. ನಾನು ತಿದ್ದಲಿಲ್ಲ. ಅವರು ಬಂದು ನಮ್ಮಲ್ಲೇ ಇಳಿಯುತ್ತೇವೆ ಎಂದರು. ಮೋಟೆಲಿಗೆ ಬಣ್ಣ ಹೊಡೆಸಿದೆ. ಬಾಗಿಲಿಗೆ ಹೂವಿನ ಕುಂಡ ತಂದಿಟ್ಟೆ. ಆದರೆ ಆಫೀಸಿಗೆ ಬರುವ ದಾರಿಯಲ್ಲೇ, ಹಳದಿ ಕಣ್ಣಿನ ಮನುಷ್ಯನೊಬ್ಬ ಕಂಬಳಿ ಹೊದ್ದು ಕೂತಿದ್ದಾನೆ. ಅವರ ಹುಡುಗ ಡಾಕ್ಟರು. ಮೊದಲ ನೋಟಕ್ಕೆ ಅವರ ಕಣ್ಣಿಗೆ ಬೀಳುವುದು ಅದೇ.

ಒಳಗೆ ಕೂತುಕೋ ಎಂದು ಅವನಿಗೆ ಹೇಳಬಹುದಿತ್ತು. ಹಿಂದಿನ ಕೋಣೆಗೆ ಬದಲಾಯಿಸಬಹುದಿತ್ತು. ಅಕ್ಕೋರಿಗೆ ಫೋನು ಮಾಡಿ ನನ್ನ ಕಷ್ಟ ಹೇಳಿಕೊಂಡಿದ್ದರೆ, ತಮ್ಮ ಅಪಾರ್ಟ್‌ಮೆಂಟಿಗೇ ಕರೆದೊಯ್ಯುತ್ತಿದ್ದರು. ಇವೆಲ್ಲ ಆಗಲೂ ನನಗೆ ಹೊಳೆದಿದ್ದವು. ಈಗ ಹೊಳೆದವು ಎಂದರೆ ಸುಳ್ಳಾಗುತ್ತದೆ. ಆದರೆ ಅಕ್ಕೋರ ಮುಂದೆ ಹೀಗೆ ಸಣ್ಣವನಾಗುವುದು ನನಗೆ ಬೇಡವಾಗಿತ್ತು. ಬೀಗರು ಬರುವ ಹಿಂದಿನ ದಿನ ಬೆಳಿಗ್ಗೆ ನೋಡಿದರೆ ಅವನು ಪೊರಕೆ ಹಿಡಿದು ಪಡಸಾಲೆ ಗುಡಿಸುತ್ತಿದ್ದ. ನನ್ನ ಹೆಂಡತಿ ವಿಷಯ ಹೇಳಿದ್ದಳಂತೆ.

"ನಾಳೆ ಬೀಗರು ಬತ್ರಂತಲ್ಲ ಸಾವ್ಕಾರ್ರೆ. ಚಾ ನಾ ಮಾಡಿಕೊಡ್ತೆ. ಕ್ಯಾಪ್ಟನ್ನಿಗೆ ಮಾಡೂ ಚಾ."

ನಾನು ಒಳಗೆ ಹೋಗಿ ಏಜೆಂಟನಿಗೆ ಫೋನು ಮಾಡಿದೆ. ಇವನಿಗೆ ಕಾಮಾಲೆ ಇದೆ, ಅಂಟುರೋಗ, ನನ್ನ ಗಿರಾಕಿಗಳು ಹೆದರಿದ್ದಾರೆ, ಈಗಿಂದೀಗ ಕರೆದೊಯ್ಯದಿದ್ದರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂದೆ. ಏಜೆಂಟನಿಗೆ ಬೇಕಾದದ್ದೂ ಅದೇ. ಮಧ್ಯಾಹ್ನಕ್ಕೇ ಕಾರು ಕಳಿಸಿದ. ಅಡುಗೆಯವನು ಏನೂ ಕೇಳಲಿಲ್ಲ, ಡಾಕ್ಟರ ಹತ್ತಿರ ಹೋಗುವುದಿರಬೇಕು ಎಂದುಕೊಂಡನೇನೋ. ಹೊದಿಕೆಯನ್ನು ಮಡಿಸಿ ಕುರ್ಚಿಯ ಮೇಲಿಟ್ಟು ಹೋದ. ಅವನನ್ನು ಅಂದೇ ವಿಮಾನ ಹತ್ತಿಸಿದರು. ಎಲ್ಲಿಗೆ ಹೋದರು ಎಂದು ಹೆಂಡತಿ ಕೇಳಿದಾಗ, ವಿಮಾನ ಸಿಕ್ಕಿತಂತೆ ಎಂದೆ. ಆಕೆ ಒಳ್ಳೆಯದಾಯಿತು ಎಂದಳು.

ಬೀಗರು ಬಂದರು. ಮಗಳನ್ನು ಒಪ್ಪಿದರು. ಮೋಟೆಲ್ ಸ್ವಚ್ಛವಾಗಿದೆ ಎಂದು ಮೆಚ್ಚಿದರು.

ಅವನು ಊರು ಮುಟ್ಟಲಿಲ್ಲ. ವಿಮಾನ ಬದಲಿಸಬೇಕಾದ ಊರಿನಲ್ಲಿ ಜ್ವರ ಏರಿ ಎಚ್ಚರ ತಪ್ಪಿ, ಅಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡ. ನಳಿಗೆ ಹಾಕಿದ ಜಾಗದಲ್ಲಿ ಕೀವು ತುಂಬಿತ್ತಂತೆ. ಇನ್ನೊಂದು ಸಲ ತೋರಿಸಿದ್ದರೆ ಇಲ್ಲೇ ತಿಳಿಯುತ್ತಿತ್ತು ಎಂದು ಡಾಕ್ಟರು ಹೇಳಿದರಂತೆ. ಇದನ್ನೆಲ್ಲ ನನಗೆ ಹೇಳಿದವರು ಅಕ್ಕೋರೇ. ಆಫೀಸಿಗೆ ಬಂದು, ಕೊಡೆ ಮಡಚದೆ ಬಾಗಿಲಲ್ಲೇ ನಿಂತು ಹೇಳಿದರು. ಹೇಳಿ, ನೀವು ಏಜೆಂಟನಿಗೆ ಯಾಕೆ ಫೋನು ಮಾಡಿದಿರಿ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ಬರೀ ತಿಳಿದುಕೊಳ್ಳುವ ಪ್ರಶ್ನೆ. ಆ ಗಳಿಗೆಯಲ್ಲಿ ನನ್ನ ಬಾಯಿಂದ ಬಂದದ್ದು:

"ನೀವ ಹೇಳಿದ್ರೆಲ್ರಿ ಅಕ್ಕೋರ, ಅಂಟೂ ಜಡ್ಡು ಇದ್ರ ತಿಳಸಬೇಕಂತ. ಮೊದಲನೇ ಕಲಮು."

ಅವರು ಕುರ್ಚಿಯ ಮೇಲೆ ಕುಳಿತರು. ಬಹಳ ಹೊತ್ತು ನನ್ನನ್ನೇ ನೋಡಿದರು. ಸುಳ್ಳು ಗೊತ್ತಾಯಿತು ಎಂದುಕೊಂಡೆ. ಇಲ್ಲ. ಅವರ ಕಣ್ಣಿನಲ್ಲಿ ಇದ್ದದ್ದು ಕನಿಕರ. ಹೈಸ್ಕೂಲ್ ಓದಿದ ಮನುಷ್ಯ, ಪಾಪ, ಆಟವನ್ನು ನಿಜವೆಂದು ತಿಳಿದುಬಿಟ್ಟ ಎಂಬ ಕನಿಕರ. ನನ್ನ ಕಡಿಮೆ ಓದು ನನಗೆ ಜೀವನದಲ್ಲಿ ಅನೇಕ ಕಡೆ ಅಡ್ಡ ಬಂದಿದೆ. ಅವತ್ತು ಒಂದು ದಿನ ಅದು ನನ್ನನ್ನು ಕಾಯಿತು, ನಾನು ಅದರ ಹಿಂದೆ ಅಡಗಿಕೊಂಡೆ.

"ಅದು ಅಂಟೂದಲ್ಲ ಅಂತ ನಾ ನಿಮಗ ಹೇಳಿ ಹೋಗಬೇಕಿತ್ರಿ. ಗಡಬಡಿಯೊಳಗ ಹೇಳಲಿಲ್ಲ. ತಿಳಸೂದು ಅಂದ್ರ ಹೊರಗ ಹಾಕೂದಲ್ಲ ಅಂತನೂ ಹೇಳಲಿಲ್ಲ. ಅರ್ಧಾ ಕಲಿಸಿದೆ ನಾ."

ನಾನು ಎದ್ದು ಚಹಾಕ್ಕೆ ನೀರಿಟ್ಟೆ.

ಆಮೇಲೂ ಅಕ್ಕೋರು ಬರುತ್ತಿದ್ದರು. ಖಲಾಸಿಗಳನ್ನು ತಂದು ಬಿಡುತ್ತಿದ್ದರು. ನನ್ನ ಮೇಲಿನ ವಿಶ್ವಾಸ ಕಡಿಮೆಯಾಗಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಆದರೆ ಮೋಟೆಲಿನ ಸುತ್ತ ಹಾಕುವ ಪ್ರದಕ್ಷಿಣೆ ನಿಂತುಹೋಯಿತು. ಕಾರಿನಿಂದ ಇಳಿದು ನೆಲ ನೋಡುತ್ತ ಆಫೀಸಿಗೆ ಬರುವರು, ಚಹಾ ಕುಡಿದು ಹೋಗುವರು. ಒಮ್ಮೆ ನಾನೇ, ಗಟಾರ ನೋಡುವುದಿಲ್ಲವೇ ಎಂದು ನಗಿಸಲು ನೋಡಿದೆ. "ಬ್ಯಾಡ್ರಿ" ಎಂದರು. ಹುಡುಗರು ಮತ್ತೆ ಆಸ್ಟಿನ್ನಿಗೆ ಕರೆದಾಗ ಆರೋಗ್ಯ ಸರಿಯಿಲ್ಲ ಎಂದು ಹೇಳಿ ಕಳಿಸಿದರು. ಹಡಗುಗಳಿಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಆದರೆ ಅಲ್ಲಿಯೂ ಖಲಾಸಿಗಳಿಗೆ ಕಾಯ್ದೆ ಹೇಳುವುದನ್ನು ಬಿಟ್ಟರಂತೆ. ಯಾರಾದರೂ ಕೇಳಿದರೆ, ವಕೀಲರನ್ನು ಕೇಳಿ, ನಾನು ಸುಮ್ಮನೆ ಚಟ್ನಿಪುಡಿ ತಂದುಕೊಡುವವಳು ಎನ್ನುತ್ತಿದ್ದರಂತೆ. ಜೀವನವಿಡೀ ಕಾಯ್ದೆಯನ್ನು ಹತಾರವೆಂದು ತಿಳಿದ ಹೆಂಗಸು, ಅದು ತನ್ನ ಕೈಯಿಂದಲೇ ಒಬ್ಬನನ್ನು ಕೊಂದಿತು ಎಂದು ನಂಬಿಕೊಂಡು ಕೈ ಚೆಲ್ಲಿದರು.

ಮಗಳ ಮದುವೆಯಾಯಿತು, ಮೋಟೆಲ್ ಮಾರಿದೆ, ಹೆಂಡತಿ ಹೋದಳು. ನಾನು ಡಲ್ಲಾಸ್ ಬದಿಯ ಫ್ರಿಸ್ಕೋಗೆ ಮಗಳ ಮನೆಗೆ ಬಂದೆ. ಒಳ್ಳೆಯ ಅಳಿಯ, ಒಳ್ಳೆಯ ಬೀಗರು. ಮೊಮ್ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತ ತೊಡೆಯ ಮೇಲೆ ಬಂದು ಕೂರುತ್ತಾಳೆ. ಆಗ ಎಷ್ಟೋ ಸಲ ನನಗೆ, ಈ ಸುಖದ ಬಾಗಿಲಿನಿಂದ ಯಾರನ್ನು ಎಬ್ಬಿಸಿ ಕಳಿಸಿದೆನೆಂದು ನೆನಪಾಗುತ್ತದೆ. ಇದನ್ನು ಓದಿದರೆ ಮಗಳಿಗೆ ನೋವಾಗುತ್ತದೆ ಎಂದು ಗೊತ್ತು. ಅವಳ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಅಕ್ಕೋರಿಗೆ ಕರುಳಿನ ಕ್ಯಾನ್ಸರ್ ಎಂದು ಸುದ್ದಿ ಬಂತು. ಹ್ಯೂಸ್ಟನ್ನಿನ ಆಚೆ ಫುಲ್‌ಶೀರಿನಲ್ಲಿ ಅವರ ತಂಗಿಯ ಮಗಳ ಹೊಸ ಮನೆ, ಅಲ್ಲಿ ಇಟ್ಟುಕೊಂಡಿದ್ದರು. ಈ ಸಲ ಹೇಳಿಯೇ ಬಿಡುತ್ತೇನೆ ಎಂದು ನಿಶ್ಚಯ ಮಾಡಿಕೊಂಡು ಹೊರಟೆ. ದಾರಿಯುದ್ದಕ್ಕೂ ಗಟ್ಟಿಯಾಗಿ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ಅವನು ನನಗೆ ಹೇಳಿದ್ದ ಅಕ್ಕೋರ, ಹಬ್ಬುವುದಲ್ಲ ಅಂತ ಅವನೇ ಹೇಳಿದ್ದ, ನನಗೆ ಗೊತ್ತಿತ್ತು, ನಿಮ್ಮ ಕಾಯ್ದೆಯದು ತಪ್ಪಲ್ಲ. ಇಷ್ಟೇ ಮಾತು. ಕಾರಿನಲ್ಲಿ ಒಮ್ಮೆಯೂ ತಡವರಿಸಲಿಲ್ಲ.

ಮಧ್ಯಾಹ್ನದ ಹೊತ್ತು. ಕಿಟಕಿಯ ಪಕ್ಕ ಮಂಚ. ಅವರು ಬಹಳ ಸಣ್ಣಗಾಗಿದ್ದರು. ತಂಗಿಯ ಮಗಳು ನನ್ನನ್ನು ಕೂರಿಸಿ, ಚಹಾ ತರುತ್ತೇನೆ ಅಂಕಲ್ ಎಂದು ಒಳಗೆ ಹೋದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕೋರು ಮಾತಾಡಿದರು. ಕುಶಲ ಕೇಳಲಿಲ್ಲ. ಆ ಮಾತು ಅವರ ಬಾಯಲ್ಲಿ ಎಷ್ಟೋ ದಿನದಿಂದ ಇತ್ತೆಂದು ಕಾಣುತ್ತದೆ.

"ಒಂದು ಕೇಳ್ತೀನಿ, ಖರೇ ಹೇಳ್ರಿ. ಅವತ್ತ ನಿಮಗ ಆ ಜಡ್ಡಿನ ಅಂಜಿಕಿ ಆಗಿತ್ತಲ್ರಿ?"

ಅವರು ಕೇಳಿದ್ದು ನನ್ನನ್ನು ಹಿಡಿಯುವುದಕ್ಕೋ, ನನ್ನನ್ನು ಬಿಡುವುದಕ್ಕೋ, ನನಗೆ ಇವತ್ತಿಗೂ ತಿಳಿದಿಲ್ಲ. ಇಲ್ಲ ಎಂದಿದ್ದರೆ ಉಳಿದದ್ದು ತಾನಾಗಿ ಬರುತ್ತಿತ್ತು. ಒಂದೇ ಶಬ್ದ.

"ಆಗಿತ್ರಿ ಅಕ್ಕೋರ" ಎಂದೆ.

ಅವರು ಗೋಣು ಹಾಕಿದರು. ಕಿಟಕಿಯ ಹೊರಗೆ ಹೊಸದಾಗಿ ಕಟ್ಟುತ್ತಿದ್ದ ಮನೆಗಳ ಮೇಲೆ ಕೆಲಸಗಾರರು ಹೆಂಚು ಬಡಿಯುತ್ತಿದ್ದರು. ಅದನ್ನು ನೋಡುತ್ತಲೇ ಕೇಳಿದರು.

"ಸತ್ತ ಮ್ಯಾಲ ಅಲ್ಲೆ ಅಂತ ಒಂದು ಜಾಗಾ ಇದ್ದದ್ದ ಆದ್ರ, ಆ ಅಡಗಿ ಮಾಡಾಂವಾ ಭೆಟ್ಟಿ ಆಗ್ತಾನ. ಅವಂಗ ಏನಂತ ಹೇಳಲ್ರಿ ನಾ?"

ನನ್ನ ಹೆಸರು ಹೇಳಿರಿ ಎನ್ನಬೇಕಾಗಿತ್ತು.

"ನಿದ್ದಿ ಮಾಡ್ರಿ ಅಕ್ಕೋರ" ಎಂದೆ.